ಮಗುಚುವುದು

ರಾತ್ರಿ ಎರಡಕ್ಕೆ ಹದಿನಾಲ್ಕನೇ ಕೋಣೆ.
ಸಿರಿಲ್ ಹಾಲ್ಡ್ಸ್‌ವರ್ತ್, ಎಂಬತ್ತೊಂಬತ್ತು,
ಕಿಟಕಿಯ ಮಗ್ಗುಲಿಂದ ಗೋಡೆಯ ಮಗ್ಗುಲಿಗೆ.
ನಾಲ್ಕಕ್ಕೆ ಬೆನ್ನ ಮೇಲೆ.
ಆರಕ್ಕೆ ಮತ್ತೆ ಕಿಟಕಿ, ಅಷ್ಟರಲ್ಲಿ
ಫ್ಲೀಟ್‌ವುಡ್ಡಿನ ಮೊದಲ ಟ್ರಾಮು ಕಿರುಗುಡುತ್ತದೆ.
ಹಾಳೆಯಲ್ಲಿ ಬರೆಯಬೇಕು: ಹೊತ್ತು, ಮಗ್ಗುಲು, ಸಹಿ.
ಬರೆಯದಿದ್ದರೆ ಮಾಡಿಲ್ಲವೆಂದೇ ಲೆಕ್ಕ.

ಹಾಸಿಗೆ ಹಿಡಿದವರು, ಅನ್ನುತ್ತೇವೆ ನಮ್ಮ ಕಡೆ.
ಹಿಡಿಯಲು ಇವರ ಕೈಯಲ್ಲಿ ಕಸುವೆಲ್ಲಿದೆ?
ಹಾಸಿಗೆಯೇ ಹಿಡಿದಿದೆ ಇವರನ್ನು,
ಹಿಮ್ಮಡಿಯಲ್ಲಿ, ಬಾಲಮೂಳೆಯಲ್ಲಿ,
ಎಲುಬಿಗೂ ತೊಗಲಿಗೂ ನಡುವೆ
ಏನೂ ಉಳಿಯದ ಕಡೆಯಲ್ಲೆಲ್ಲ.

ತುರುವೇಕೆರೆಯ ಅಜ್ಜಿ ಕೇಳುತ್ತಿದ್ದ ಒಗಟು:
ರೊಟ್ಟಿ ಏಕೆ ಸೀದಿತು? ವೀಳ್ಯದೆಲೆ ಏಕೆ ಕೊಳೆಯಿತು?
ಎರಡಕ್ಕೂ ಒಂದೇ ಉತ್ತರ,
ಮಗುಚಿ ಹಾಕಲಿಲ್ಲ.
ನರ್ಸಿಂಗ್ ಪುಸ್ತಕದಲ್ಲಿ ಇದಕ್ಕೆ ಹನ್ನೆರಡು ಪುಟ,
ಬಣ್ಣದ ಚಿತ್ರ ಸಮೇತ.

ಫುಂಕೆ ಆ ಕಡೆ, ನಾನು ಈ ಕಡೆ,
ಬೆನ್ನಡಿಗೆ ಜಾರುವ ಬಟ್ಟೆ.
'ಸಿರಿಲ್, ಈಗ ಹೊರಳಿಸ್ತೀವಿ' ಎಂದು ಹೇಳಿಯೇ ಮುಟ್ಟಬೇಕು,
ಕಿವಿಯಂತ್ರ ಡ್ರಾಯರಿನಲ್ಲಿ ಮಲಗಿದ್ದರೂ.
ಹಿಮ್ಮಡಿಯ ಕೆಂಪನ್ನು ಹೆಬ್ಬೆರಳಿಂದ ಒತ್ತಿ ಬಿಡುತ್ತೇನೆ.
ಬೆಳ್ಳಗಾಗಿ ಮತ್ತೆ ಕೆಂಪೇರಿದರೆ
ರಕ್ತಕ್ಕೆ ಇನ್ನೂ ದಾರಿಯಿದೆ.
ಒತ್ತಿದರೂ ಬೆಳ್ಳಗಾಗದಿದ್ದರೆ
ಹುಣ್ಣು ಒಳಗಿಂದ ಹೊರಟಾಗಿದೆ,
ಕದ ತಟ್ಟುವುದಷ್ಟೇ ಬಾಕಿ.

ಮಂಗಳವಾರ ಅವರು ನೀರು ಮುಟ್ಟಲಿಲ್ಲ.
ನೀರೂ ಅವರಿಗೆ ನೀರಲ್ಲ; ಗಂಟಲು ದಾರಿ ತಪ್ಪಿಸಿ
ಶ್ವಾಸಕೋಶಕ್ಕೆ ಕಳಿಸುತ್ತದೆಂದು
ಪುಡಿ ಕದಡಿ, ಅಂಬಲಿಯಷ್ಟು ಮಂದ ಮಾಡಿದ ಚಹಾ,
ಚಮಚದಲ್ಲಿ.
'ವಾಲ್‌ಪೇಪರ್ ಅಂಟಿಸೋಕೆ ಚೆನ್ನಾಗಿದೆ' ಅನ್ನುತ್ತಾರೆ,
ತುಟಿ ಬಿಗಿಯುತ್ತಾರೆ.

ಆ ರಾತ್ರಿ ಚೀಲದ ಮೂತ್ರ ಕಂದು. ಹಣೆ ಕಾದ ಹಂಚು.
ಕಣ್ಣು ಬಿಟ್ಟರೆ ಅವರಿಗೆ ಕೋಣೆಯಿಲ್ಲ;
ಐಸ್‌ಲ್ಯಾಂಡಿನಾಚೆಯ ಕಡಲು, ಮೀನಿನ ಹಡಗು,
ಕಂಬಿಕಂಬಿಗೂ ಗೇಣುದಪ್ಪ ಹಿಮಗಡ್ಡೆ.
'ಕೊಡಲಿ ಎಲ್ಲಿ? ಒಡೀರಿ, ಒಡೀರೋ,
ಮೇಲ್ಭಾರ ಆಯ್ತು, ಮಗುಚುತ್ತೆ!'

ಅವರ ಇಂಗ್ಲಿಷಿನಲ್ಲಿ
ನನ್ನೊಳಗೆ ನೇರ ಕನ್ನಡವಾಗಿ ಇಳಿದದ್ದು
ಈ ಒಂದೇ ಮಾತು.
ಅಡುಗೆಮನೆಯ ಮಾತು, ದೋಸೆಯ ಮಾತು,
ಮೊಳೆಗೆ ನೇತುಬಿದ್ದ ಮಗುಚೋ ಕೈಯ ಮಾತು.
ಅದರ ಹೊಟ್ಟೆಯಲ್ಲಿ ಇಷ್ಟೊಂದು ತಣ್ಣೀರಿತ್ತೆಂದು
ನನಗೆ ಗೊತ್ತಿರಲಿಲ್ಲ.
ಎರಡು ಗಂಟೆಗೊಮ್ಮೆ ನಾವು ಮಾಡುತ್ತಿದ್ದುದು
ಇವರಿಗೆ ಇದೇ ಆಗಿತ್ತೆ?

ಫುಂಕೆ ಡಾಕ್ಟರಿಗಾಗಿ ಫೋನು ಹಿಡಿದು ನಿಂತಿದ್ದಳು,
ಹತ್ತೊಂಬತ್ತನೆಯವರು ನೀವು ಸಾಲಿನಲ್ಲಿ, ಎನ್ನುತ್ತಿತ್ತು ಅದು.
ನಾನು ಚಮಚ ತೆಗೆದು ಮಂಚದ ಕಂಬಿಗೆ ಬಡಿದೆ.
ಠಣ್. ಠಣ್.
ಯಾವ ತರಬೇತಿಯಲ್ಲೂ ಇದಿಲ್ಲ.
'ಸ್ಟಾರ್‌ಬೋರ್ಡ್ ಆಯ್ತು' ಅಂದೆ.
'ಪೋರ್ಟ್ ಕಡೆ ನಿಮ್ಮಪ್ಪ ಒಡೀತಾನಾ?' ಅಂದರು.
ಒಡೆದೆ.
ಆಮೇಲೆ ಹೊರಳಿಸಿದೆವು. ಮೈ ಬಿಟ್ಟುಕೊಟ್ಟರು.

ಬೆಳಿಗ್ಗೆ ಮಹಡಿಯ ಬಾಡಿಗೆ ಕೋಣೆಯಲ್ಲಿ
ಬೂಟು ಬಿಚ್ಚದೆ ಬಿದ್ದವಳು
ಎದ್ದದ್ದು ಎರಡೂವರೆಗೆ, ಬಿದ್ದ ಮಗ್ಗುಲಲ್ಲೇ.
ಕೆನ್ನೆಯಲ್ಲಿ ದಿಂಬಿನ ಹೊಲಿಗೆಯ ಗೆರೆ.
ಕನ್ನಡಿಯ ಮುಂದೆ ಒತ್ತಿ ಬಿಟ್ಟೆ. ಬಿಳಿ.
ಎಣಿಸಿದೆ. ಕೆಂಪು.

ಶುಕ್ರವಾರ ಹೋದಾಗ ಜ್ವರ ಇಳಿದಿತ್ತು.
ಹಡಗಿನ ಸುದ್ದಿ ಅವರೆತ್ತಲಿಲ್ಲ, ನಾನೂ ಎತ್ತಲಿಲ್ಲ.
ಚಹಾದ ಚಮಚ ಕಂಡು ಮುಖ ಸಿಂಡರಿಸಿ
ಗೋಡೆಯ ಕಡೆ ತಿರುಗಿಸಿದರು, ತಾವಾಗಿಯೇ.
ಹಾಳೆಯಲ್ಲಿ ಅದಕ್ಕೆ ಕಾಲಂ ಇಲ್ಲ.
ಅಂಚಿನಲ್ಲಿ ಬರೆದೆ: ತಲೆ, ತಾನಾಗಿ, ಹತ್ತೂಕಾಲು.

ಹೊದಿಕೆ ಸರಿಸಿ ಎಡ ಹಿಮ್ಮಡಿ ಒತ್ತಿದೆ.
ಬೆಳ್ಳಗಾಗಲಿಲ್ಲ.